ಕಣದ ಮೇಲೆ ಕ್ರೇನು

ಮೊನ್ನೆ ಬೆಳ್ಳೂರು ಕ್ರಾಸಿನಲ್ಲಿ ನಮ್ಮ ಬಸ್ಸು ನಿಂತೇಬಿಟ್ಟಿತು. ಮುಂದೆ ಲಾರಿ, ಹಿಂದೆ ಲಾರಿ, ಪಕ್ಕದಲ್ಲಿ ಕುರಿ ತುಂಬಿಕೊಂಡ ಆಟೋ. ಡ್ರೈವರು ಎಂಜಿನ್ ಆರಿಸಿ ಎಲೆಅಡಿಕೆ ಬಿಚ್ಚಿದ. "ಯಾರೋ ಲೀಡ್ರು ಬತ್ತಾವ್ರಂತೆ. ಹಾರ ಬೀಳೋಗಂಟ ಅಲ್ಲಾಡಂಗಿಲ್ಲ, ಕುಂತ್ಕಳಿ," ಎಂದ ಕಂಡಕ್ಟರು. ಕತ್ತು ಹೊರಗೆ ಹಾಕಿ ನೋಡಿದರೆ ರಸ್ತೆಯ ನಡುವೆ ಒಂದು ಹಳದಿ ಕ್ರೇನು, ಅದರ ಕೊಕ್ಕೆಗೆ ಎರಡಾಳುದ್ದದ ಸೇಬಿನ ಹಾರ. ಕಾರಿನ ಮೇಲೆ ನಿಂತ ಬಿಳಿ ಅಂಗಿಯವರ ಕೊರಳಿಗೆ ಅದು ಇಳಿಯಿತು, ಪಟಾಕಿ ಸಿಡಿಯಿತು, ಮರುಗಳಿಗೆಯಲ್ಲಿ ಜನ ಹಾರದ ಮೇಲೆ ಬಿದ್ದು ಸೇಬು ಕಿತ್ತರು. ಕೈಗೆ ಸಿಕ್ಕಿದ್ದಕ್ಕಿಂತ ಕಾಲಿಗೆ ಸಿಕ್ಕಿದ್ದೇ ಹೆಚ್ಚು. ಟಾರಿನ ಮೇಲೆ ಜಜ್ಜಿದ ಸೇಬಿನ ಹುಳಿಸಿಹಿ ವಾಸನೆ ಕಿಟಕಿಯಿಂದ ಒಳಗೆ ಬಂತು.

ಪಕ್ಕದಲ್ಲಿ ಕೂತಿದ್ದವನು ಮೊಬೈಲು ಎತ್ತಿ, "ಎಂಗದೆ ನೋಡಿ ಸಾರ್ ಹಾರ!" ಎಂದ.

"ನೋಡಿವ್ನಿ ಬುಡಪ್ಪ. ಸಾಕಾಗೋವಷ್ಟು ನೋಡಿವ್ನಿ," ಎಂದೆ. ನನ್ನ ದನಿಯಲ್ಲಿ ಅವನಿಗೆ ಏನು ಕೇಳಿಸಿತೋ, ಆಚೆಗೆ ತಿರುಗಿಕೊಂಡ.

ಆ ವಾಸನೆ ಬಂದರೆ ಈಗಲೂ ನನ್ನ ಹೊಟ್ಟೆಯಲ್ಲಿ ಬೆಂಕಿ ಬೀಳುತ್ತದೆ. ಹಣ್ಣಿನ ಮೇಲೆ ನನಗೇನು ಕೋಪ? ನಮ್ಮ ಜನದ ಪ್ರೀತಿಯ ಮೇಲೆ ಕೋಪ. ನಿಂಗರಾಜನನ್ನು ನಾವು ಬೀಳ್ಕೊಟ್ಟ ಆ ಬೇಸಿಗೆಯ ಮೇಲೆ ಕೋಪ.

ನಿಂಗರಾಜ ನಮ್ಮೂರಿನ ಬೌಲರು. ನಾಗಮಂಗಲದ ಸುತ್ತ ಟೆನಿಸ್ ಬಾಲ್ ಟೂರ್ನಮೆಂಟು ನೋಡಿದವರಿಗೆ ಇಷ್ಟು ಹೇಳಿದರೆ ಸಾಕು. ನೋಡದವರಿಗಾಗಿ ಇನ್ನಷ್ಟು ಹೇಳುತ್ತೇನೆ. ಬೆಳಗಿನಿಂದ ಸಂಜೆಯವರೆಗೆ ತೆಂಗಿನಕಾಯಿ ಸುಲಿಯುವುದು ಅವನ ಕಸುಬು. ನೆಲಕ್ಕೆ ನೆಟ್ಟ ಹಾರೆಗೆ ಕಾಯಿ ಒತ್ತಿ ಒಂದು ತಿರುವು ತಿರುವಿದನೆಂದರೆ ಸಿಪ್ಪೆ ಬಾಯಿ ಬಿಡಬೇಕು. ಆ ತಿರುವೇ ಅವನ ಬೌಲಿಂಗಿಗೂ ಬಂದಿತ್ತು ಅಂತ ನನ್ನ ಅಂದಾಜು. ಓಟ ದೊಡ್ಡದಲ್ಲ. ಹಾಲು ಕುಡಿಯುತ್ತಿರುವ ಕರುವನ್ನು ಬಿಡಿಸಲು ಹೋಗುವವನಂತೆ ನಾಲ್ಕು ಹೆಜ್ಜೆ, ಆಮೇಲೆ ತೋಳು. ತೋಳು ಕಂಡವರಿಗೆ ಚೆಂಡು ಕಾಣುತ್ತಿರಲಿಲ್ಲ.

ನಾನು ಅವನ ಆಟಕ್ಕೆ ಮೈಕಿನವನು. ಬೆಳಗ್ಗೆ ಡೇರಿಯಲ್ಲಿ ಹಾಲು ಅಳೆಯುತ್ತೇನೆ, ಬೇಸಿಗೆ ಬಂದರೆ ಶಾಮಿಯಾನದ ಕೆಳಗೆ ಕೂತು ಕಾಮೆಂಟರಿ ಹೇಳುತ್ತೇನೆ. ನಮ್ಮಜ್ಜಿಯಿಂದ ಕಲಿತ ಗಾದೆ, ದೊಡ್ಡಪ್ಪನಿಂದ ಕಲಿತ ಬೈಗುಳ, ಇವೆರಡೇ ನನ್ನ ಬಂಡವಾಳ. ಎರಡನೆಯದನ್ನು ಹೆಂಗಸರು ಬಂದಿರುವಾಗ ಬಳಸುವುದಿಲ್ಲ.

ನಿಂಗರಾಜನ ಐದನೇ ಚೆಂಡು ಅಂದರೆ ಮೂರು ತಾಲ್ಲೂಕಿಗೆ ಗೊತ್ತು. ಓವರಿನ ಮೊದಲ ನಾಲ್ಕು ಚೆಂಡನ್ನು ಅವನು ಬ್ಯಾಟ್ಸ್‌ಮನ್ನಿನ ಕಾಲು, ಕಣ್ಣು, ದುರಾಸೆ ಎಲ್ಲಿವೆ ಎಂದು ತಿಳಿಯಲಿಕ್ಕೆ ಹಾಕುತ್ತಿದ್ದ. ಐದನೆಯದು ಬರುವಷ್ಟರಲ್ಲಿ ಜನ ಚಪ್ಪಾಳೆ ತಟ್ಟಲು ಶುರು ಮಾಡಿರುತ್ತಿದ್ದರು. ಅದೇ ಓಟ, ಅದೇ ತೋಳು, ಆದರೆ ಚೆಂಡು ಮಾತ್ರ ನಿಧಾನ. ಬ್ಯಾಟು ಬೀಸಿ ಮುಗಿದ ಮೇಲೆ ಬಂದು, ನೆಲ ಮುಟ್ಟಿ, ಒಳಕ್ಕೆ ತಿರುಗಿ ಸ್ಟಂಪಿಗೆ ಬಡಿಯುತ್ತಿತ್ತು. "ನಾಕು ಉಕ್ಕೆ, ಐದ್ನೇದು ಬಿತ್ನೆ ಕಣಣ್ಣ," ಎನ್ನುತ್ತಿದ್ದ ನನಗೆ. ನಾಲ್ಕು ಸಲ ಉಳುವುದು, ಐದನೇ ಸಲ ಬೀಜ ಹಾಕುವುದು. ನಾನದನ್ನು ಮೈಕಿನಲ್ಲಿ ಹೇಳಿ ಹೇಳಿ ಊರಿನ ಮಾತು ಮಾಡಿಬಿಟ್ಟೆ.

ಆ ಚೆಂಡು ಬೇರೆ ಯಾವ ಮೈದಾನದಲ್ಲೂ ಅಷ್ಟು ಚೆನ್ನಾಗಿ ಬೀಳುತ್ತಿರಲಿಲ್ಲ. ನಮ್ಮೂರ ಪಿಚ್ಚೇ ಬೇರೆ. ಅದನ್ನು ನಾವು ಪಿಚ್ಚು ಅನ್ನುವುದೂ ಇಲ್ಲ, ಕಣ ಅನ್ನುತ್ತೇವೆ. ಸಂಕ್ರಾಂತಿ ಕಳೆದು ಕೆರೆಯ ನೀರು ಹಿಂದೆ ಸರಿದ ಮೇಲೆ, ಕೆರೆಯಂಗಳದ ಗಟ್ಟಿ ಜಾಗ ನೋಡಿ, ಹಿಂದಿನವರು ರಾಗಿ ಒಕ್ಕಲು ಕಣ ಮಾಡುತ್ತಿದ್ದ ಹಾಗೆಯೇ ನಿಂಗರಾಜ ಪಿಚ್ಚು ಮಾಡುತ್ತಿದ್ದ. ಹುಲ್ಲು ಕೆರೆದು, ಜೇಡಿಮಣ್ಣು ಹರಡಿ, ನೀರು ಕಟ್ಟಿ, ಹೊಟ್ಟು ಎರಚಿ, ತುಳಿದು, ಅದರ ಮೇಲೆ ರೋಣಗಲ್ಲು ಎಳೆದು. ರೋಣಗಲ್ಲು ಅಂದರೆ ಮೊದಲು ರಾಗಿ ತೆನೆಯ ಮೇಲೆ ಎತ್ತು ಕಟ್ಟಿ ಉರುಳಿಸುತ್ತಿದ್ದ ಕಲ್ಲು. ಕೊನೆಗೆ ಸಗಣಿ ಬಗ್ಗಡ ಹಾಕಿ ಸಾರಿಸುವುದು. ಈಗ ಊರಲ್ಲಿ ರಾಗಿಗೇ ಕಣ ಮಾಡುವವರಿಲ್ಲ. ಟಾರ್ ರೋಡಿನ ಮೇಲೆ ತೆನೆ ಹರಡಿ ಬಸ್ಸು ಲಾರಿಗಳ ಕೈಯಲ್ಲೇ ಒಕ್ಕಣೆ ಮಾಡಿಸಿಕೊಳ್ಳುತ್ತೇವೆ. ಊರಿಗೆ ಉಳಿದಿದ್ದು ಅದೊಂದೇ ಕಣ.

ಕಣ ಅಂದ ಮೇಲೆ ಅದರ ಕಟ್ಟಳೆಯೂ ಬಂತು. ಕಣಕ್ಕೆ ಚಪ್ಪಲಿ ಹಾಕಿ ಇಳಿಯುವಂತಿಲ್ಲ. ಬೌಲರು, ಬ್ಯಾಟ್ಸ್‌ಮನ್ನು, ಅಂಪೈರು, ಎಲ್ಲರೂ ಬರಿಗಾಲು. ಶ್ರೀರಂಗಪಟ್ಟಣದಿಂದಲೋ ಪಾಂಡವಪುರದಿಂದಲೋ ಬಂದ ತಂಡದವರು ಹೊಸ ಬೂಟು ಹಾಕಿಕೊಂಡು ಬಂದು, "ಇದ್ಯಾವ್ ರೂಲ್ಸ್ ಅಣ್ಣ, ದೇವಸ್ಥಾನ್ವಾ?" ಎಂದು ನಗುತ್ತಿದ್ದರು. "ಆಡೋದಾದ್ರೆ ಬಿಚ್ಚಿ, ಆಡ್ದಿದ್ರೆ ಕಟ್ಕಳಿ," ಎನ್ನುತ್ತಿದ್ದ ನಿಂಗರಾಜ. ಬಿಚ್ಚುತ್ತಿದ್ದರು. ಹಾಗೆ ಕಟ್ಟಳೆಯನ್ನು ಪರವೂರಿನವರೂ ಮನ್ನಿಸಿದರು. ಮುರಿದವರು ಯಾರು ಅಂದರೆ ನಾವೇ.

ಆ ಬೇಸಿಗೆಯ ಮೊದಲಿಗೇ ಅವನ ತೋಳು ಕೈಕೊಟ್ಟಿತು. ಮಂಡ್ಯದ ಡಾಕ್ಟರಿಗೆ ತೋರಿಸಿಕೊಂಡು ಬಂದವನು ಡೇರಿಯ ಜಗಲಿಯ ಮೇಲೆ ಕೂತು, "ಭುಜದೊಳಗೆ ನರ ಹಳೇ ಹಗ್ಗದಂಗೆ ಎಳೆ ಎಳೆ ಬುಟ್ಟದಂತೆ ಕಣಣ್ಣ. ಕಾಯಿ ಸುಲ್ಯೋದ ಎಡಗೈಗೆ ಕಲ್ಸು, ಬಾಲ್ ಹಾಕೋದ ಮರ್ತ್‌ಬುಡು ಅಂದ್ರು," ಎಂದ.

"ಮರೀತೀಯೇನ್ಲಾ?"

"ಇನ್ನೊಂದ್ ಓವರ್ರು ಬತ್ತದೆ. ಒಂದೇ. ನಂಗೊತ್ತು. ಅದ ಮಡಿಕಂಡಿವ್ನಿ."

"ಯಾರ್ಗೆ?"

"ಇನ್ಯಾರ್ಗೆ, ಜವರಂಗೆ."

ಜವರ ಕೆ.ಆರ್. ಪೇಟೆ ಕಡೆಯ ಸಿಂಧಘಟ್ಟದವನು. ಕಬ್ಬು ಬೆಳೆಯುವ ಆಸಾಮಿ, ಎತ್ತಿನಂಥ ಹೆಗಲು. ಐದನೇ ಚೆಂಡಿಗೆ ಕಾದು ಆಡಬಲ್ಲವನು ಅವನೊಬ್ಬನೇ. ಒಂದು ವರ್ಷ ನಿಂಗರಾಜ ಅವನ ಸ್ಟಂಪು ಕಿತ್ತರೆ ಇನ್ನೊಂದು ವರ್ಷ ಅವನು ಅದೇ ಚೆಂಡನ್ನು ಕೆರೆ ಏರಿಯಾಚೆ ಹೊಡೆಯುತ್ತಿದ್ದ. ಇಬ್ಬರೂ ಆಡುವಾಗ ನನಗೆ ಕಾಮೆಂಟರಿಯೇ ಬೇಕಿರಲಿಲ್ಲ, ಮೈಕನ್ನು ಅವರ ಕಡೆ ಹಿಡಿದರೆ ಸಾಕಾಗಿತ್ತು.

"ಲೇ ನಿಂಗ, ನಿನ್ ಬಿತ್ನೆ ಈ ಸಲ ಮೊಳ್ಯಂಗ್ ಕಾಣಲ್ಲ ಕಣ್ಲಾ!"

"ನೀ ಕಬ್ಬು ಕಡ್ದಂಗೆ ಬೀಸ್ತಾ ಇರು. ಬಾಲ್ ಓದ್ ಮ್ಯಾಲೆ ಗಾಳಿಯಾದ್ರೂ ಸಿಕ್ತದೆ."

ಆಟ ಮುಗಿದ ಮೇಲೆ ಇದೇ ಇಬ್ಬರೂ ಒಂದೇ ಎಳನೀರಿನ ಬುರುಡೆಯನ್ನು ಅತ್ತಿತ್ತ ಮಾಡಿ ಕುಡಿಯುತ್ತಿದ್ದರು.

ಹೀಗೆ ಆ ಬೇಸಿಗೆಯೆಲ್ಲ ನಿಂಗರಾಜ ಚೆಂಡು ಮುಟ್ಟಲಿಲ್ಲ. ನಮ್ಮೂರು ಸೋತಿತು, ಪಕ್ಕದ ಊರಿನವರ ಕೈಯಲ್ಲೂ ಸೋತಿತು. "ನಿಂಗಂಗೆ ಸೊಕ್ಕು ಬಂದದೆ" ಎಂದು ಆಡಿಕೊಂಡರು. ಅವನು ಬಾಯಿ ಬಿಡಲಿಲ್ಲ. ಎಡಗೈಯಲ್ಲಿ ಉಣ್ಣುವುದನ್ನು ಕೂಡ ಕಲಿಯುತ್ತಿದ್ದಾನೆ ಎಂದು ಅವನ ಹೆಂಡತಿ ಭಾಗ್ಯ ನನ್ನ ಹತ್ತಿರ ಹೇಳಿ ಮುಖ ತಿರುಗಿಸಿದಳು. ಹೊಟ್ಟೆಗೆ ಇಲ್ಲದವನು ಬೀಜದ ರಾಗಿ ಕಾಯುವ ಹಾಗೆ ಆ ಮನುಷ್ಯ ತನ್ನ ತೋಳಿನಲ್ಲಿ ಉಳಿದಿದ್ದ ಒಂದು ಓವರನ್ನು ಕಾದ.

ನಿಂಗರಾಜ ಇನ್ನೊಂದೇ ಓವರು ಹಾಕಿ ಆಟ ಬಿಡುತ್ತಾನೆ ಎಂಬ ಸುದ್ದಿ ಹೇಗೋ ಕುಮಾರನಿಗೆ ಮುಟ್ಟಿತು. ಕುಮಾರ ನಾಗಮಂಗಲದಲ್ಲಿ ಮೊಬೈಲು ಅಂಗಡಿ ಇಟ್ಟಿರುವ ನಮ್ಮೂರ ಗಂಡು, 'ನಿಂಗಣ್ಣ ಅಭಿಮಾನಿ ಬಳಗ'ದ ಅಧ್ಯಕ್ಷ. ಅವನ ಬೈಕಿನ ಹಿಂದೆ ನಂಬರಿಗಿಂತ ದೊಡ್ಡದಾಗಿ 'ನಿಂಗಣ್ಣ' ಎಂದು ಬರೆದಿರುತ್ತದೆ. ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಬೈದು ಸುಮ್ಮನಾಗಬಹುದಿತ್ತು.

"ಅಣ್ಣೋ, ನಿಮ್ಮುನ್ನ ಸುಮ್ನೆ ಕಳ್ಸಾಕಾಯ್ತದಾ? ಇಡೀ ಜಿಲ್ಲೆ ನೋಡಂಗೆ ಮಾಡ್ತೀವಿ," ಎಂದು ಕುಮಾರ ಬಂದು ಕೂತ.

"ನಂಗೇನೂ ಬ್ಯಾಡ ಕಣಪ್ಪ. ನಾ ಬಾಲ್ ಹಾಕ್ತೀನಿ, ಜವರ ಆಡ್ಲಿ, ಜನ ಬಂದ್ ನೋಡ್ಲಿ. ಅಷ್ಟೇಯ," ಎಂದ ನಿಂಗರಾಜ.

"ಅದಿದ್ದೇ ಅದೆ ಬುಡಣ್ಣ," ಎಂದ ಕುಮಾರ. ಆ 'ಇದ್ದೇ ಅದೆ' ಎನ್ನುವ ಮಾತಿನಲ್ಲೇ ಎಲ್ಲ ಮುಗಿದಿತ್ತು. ನಮಗೆ ಆಗ ಗೊತ್ತಾಗಲಿಲ್ಲ.

ಭಾನುವಾರ ಸಂಜೆ ಆಟ ಎಂದು ನಿಗದಿಯಾಯಿತು. ಹಿಂದಿನ ವಾರವೆಲ್ಲ ನಿಂಗರಾಜ ಕಣ ಮಾಡಿದ. ಬಲಗೈಗೆ ಕೆಲಸ ಕೊಡದೆ ಎಡಗೈಯಲ್ಲೇ ಗುದ್ದಲಿ ಹಿಡಿದು, ರೋಣಗಲ್ಲು ಎಳೆಯಲು ನಮ್ಮನ್ನು ಕರೆದು, ಕೊನೆಯ ಬಗ್ಗಡವನ್ನು ಭಾನುವಾರ ಹೊತ್ತು ಮೂಡುವ ಮೊದಲೇ ಭಾಗ್ಯನ ಕೈಯಲ್ಲಿ ಸಾರಿಸಿದ. ಸಂಜೆಯ ಹೊತ್ತಿಗೆ ಬಿಸಿಲು ಕುಡಿದು ಹಪ್ಪಳದಂತಾಗುತ್ತದೆ ಎಂಬ ಲೆಕ್ಕ. ಅಲ್ಲಿಯವರೆಗೆ ಗುಬ್ಬಿ ಕೂಡ ಕೂರಬಾರದು ಎಂದು ಸುತ್ತ ಜಾಲಿಮುಳ್ಳು ಹಾಸಿ, ಬಳಗದವರು ಜೀಪಿನಲ್ಲಿ ಮೆರವಣಿಗೆ ಮಾಡಿ ಕರೆತರುತ್ತಾರೆಂದು ಸ್ನಾನಕ್ಕೆ ಮನೆಗೆ ಹೋದ.

ಊರಿನ ತುಂಬ ಫ್ಲೆಕ್ಸು. ಒಂದರಲ್ಲಿ ನಿಂಗರಾಜ ಎದೆಯ ಮುಂದೆ ಕೈಕಟ್ಟಿ ನಿಂತಿದ್ದ, ಹಿಂದೆ ಸಿಂಹ. ಅವನ ಸುತ್ತ ಶುಭ ಕೋರುವವರ ತಲೆಗಳು. ನೋಡಿದರೆ ನಿವೃತ್ತಿಯಾಗುತ್ತಿರುವವರು ಅವರೇ ಅನ್ನಿಸಬೇಕು, ಅಷ್ಟು ದೊಡ್ಡವು. ಜನ ಬೆಳಗಿನಿಂದಲೇ ಸೇರತೊಡಗಿದರು. ಹೇಮಾವತಿ ನಾಲೆಯಲ್ಲಿ ನೀರು ಬಿಟ್ಟಾಗಲೂ ನಾನು ಅಷ್ಟು ಜನ ನೋಡಿರಲಿಲ್ಲ. ಏರಿಯ ಮೇಲೆ, ತೆಂಗಿನ ಮರದ ಬುಡದಲ್ಲಿ, ಟ್ರಾಕ್ಟರಿನ ಮೇಲೆ. ಏರಿಯ ಹಿಂದೆ ಹಂಡೆಗಳಲ್ಲಿ ಬಾಡು ಬೇಯುತ್ತಿತ್ತು. ಅಷ್ಟು ಜನ ಒಬ್ಬ ಕಾಯಿ ಸುಲಿಯುವವನಿಗಾಗಿ ಬಂದಿದ್ದಾರಲ್ಲ ಎಂದು, ಸುಳ್ಳೇಕೆ, ನಾನೂ ಹಿಗ್ಗಿ ಮೈಕಿನಲ್ಲಿ ಅವನ ಹೆಸರು ಕೂಗಿದೆ.

ಆಗ ಕುಮಾರನಿಗೆ ಫೋನು ಬಂತು. ಮುಖ್ಯ ಅತಿಥಿಯಾಗಿ ಬರಬೇಕಾದ ಮುಖಂಡರಿಗೆ ಸಂಜೆ ಕೆ.ಆರ್. ಪೇಟೆಯಲ್ಲಿ ಯಾರದೋ ಗೃಹಪ್ರವೇಶವಂತೆ, ಈಗಲೇ ಬರುತ್ತಾರಂತೆ. ಅಲ್ಲಿಗೆ ಕಾರ್ಯಕ್ರಮ ತಿರುಗಾಮುರುಗಾ. ಸಂಜೆ ಆಟದ ನಂತರ ಇದ್ದ ಸನ್ಮಾನ ಮಟಮಟ ಮಧ್ಯಾಹ್ನಕ್ಕೆ ಬಂತು. ಸನ್ಮಾನದ ಜೊತೆ ಕ್ರೇನೂ ಬಂತು. ಹಾರ ಅಂದರೆ ನಾನು ಹೂವಿನದೇ ಅಂದುಕೊಂಡಿದ್ದೆ. ಕ್ರೇನಿನ ವಿಷಯವನ್ನು ಕುಮಾರ ಯಾರಿಗೂ ಹೇಳಿರಲಿಲ್ಲ. ಅದು ನಿಂಗಣ್ಣನಿಗೆ 'ಸರ್‌ಪ್ರೈಸು'.

ಕ್ರೇನು ಕೆರೆ ಏರಿಯಿಂದ ಇಳಿದು ನೇರ ಕಣದ ಕಡೆ ಬರುವುದನ್ನು ನೋಡಿ ನಾನು ಮೈಕಿನಲ್ಲಿ, "ಯಾರಪ್ಪ ಕ್ರೇನಿನವ್ರು, ಅತ್ಲಾಗ್ ನಿಲ್ಸಿ, ಕಣ ಹಸಿ ಅದೆ!" ಎಂದು ಕೂಗಿದೆ. ಸ್ಪೀಕರ್ ಪೆಟ್ಟಿಗೆಗಳಲ್ಲಿ ಆಗಲೇ ಹಾಡು ಶುರುವಾಗಿತ್ತು. ನನ್ನ ಮಾತು ನನಗೇ ಕೇಳಿಸಲಿಲ್ಲ. ಮೈಕು ಬಿಟ್ಟು ಓಡಿದೆ. ಮುಳ್ಳಿನ ಹತ್ತಿರ ಕ್ರೇನಿನ ಡ್ರೈವರು ಇಳಿದು ನಿಂತಿದ್ದ. ಅವನಿಗೇ ಅನುಮಾನ. "ಹಸಿ ಅದೆ ಕಣಣ್ಣ, ಚಕ್ರ ಇಳೀತದೆ," ಎನ್ನುತ್ತಿದ್ದ.

"ಏನೂ ಆಗಲ್ಲ ಬುಡ್ಲಾ, ಐದ್ ನಿಮ್ಸದ್ ಕೆಲ್ಸ," ಎಂದ ಕುಮಾರ.

"ಲೇ ಕುಮಾರ, ತಲೆ ಕೆಟ್ಟದೇನ್ಲಾ? ಸಂಜೆ ಬಾಲ್ ಹಾಕೋದು ಎಲ್ಲಿ, ನಿನ್ ತಲೆ ಮ್ಯಾಲಾ? ಏರಿ ಕೆಳಗ್ ನಿಲ್ಸು ಅದ!" ಎಂದೆ.

"ಅಂಗಲ್ಲ ಕಣಣ್ಣ. ಅವ್ರು ಮಾಡಿರೋ ಕಣದ ಮ್ಯಾಲೇ ಅವ್ರಿಗೆ ಹಾರ ಬೀಳ್ಬೇಕು ಅಂತ ನಮ್ಮಾಸೆ. ಡ್ರೋನ್‌ನೋರೂ ಇಲ್ಲೇ ಸಂದಾಗ್ ಬತ್ತದೆ ಅಂದ್ರು." ಅವನ ಕಣ್ಣಲ್ಲಿ ನೀರಿತ್ತು. ಭಕ್ತಿಯ ನೀರು. ನನ್ನ ರಟ್ಟೆ ಹಿಡಿದು ಪಕ್ಕಕ್ಕೆ ಸರಿಸಿ, "ನೀವ್ ಓಗಿ ಸ್ವಾಗತ ಹೇಳಿ ಸಾಕು," ಎಂದ. ನಾಲ್ಕು ಜನ ಮುಳ್ಳು ಎಳೆದು ಬಿಸಾಡಿದರು.

ಆ ಚಕ್ರ ಕಣಕ್ಕೆ ಇಳಿದ ಸದ್ದನ್ನು ನಾನು ಬಾಯಲ್ಲಿ ಹೇಳಲಾರೆ. ಸದ್ದೇ ಇರಲಿಲ್ಲ ಅನ್ನಿ. ಅಷ್ಟು ಮೆತ್ತಗೆ ಇಳಿಯಿತು.

ನಿಂಗರಾಜ ಜೀಪಿನಲ್ಲಿ ಬಂದಾಗ ಎಲ್ಲ ಆಗಿತ್ತು. ತಲೆಗೆ ಮೈಸೂರು ಪೇಟ, ಹೆಗಲಿಗೆ ಶಾಲು. ಅವನನ್ನು ಹೆಚ್ಚೂಕಡಿಮೆ ಎತ್ತಿಕೊಂಡೇ ಕಣದ ನಡುವೆ ತಂದು ನಿಲ್ಲಿಸಿದರು. ಚಪ್ಪಲಿ, ಬೂಟು, ಶೂ, ಒಬ್ಬನೂ ಬಿಚ್ಚಲಿಲ್ಲ. ಅವನೊಬ್ಬ ಬರಿಗಾಲಲ್ಲಿದ್ದ. ಮೇಲಿನಿಂದ ಸೇಬಿನ ಹಾರ ಇಳಿಯಿತು, ಜೈಕಾರ ಎದ್ದಿತು. ಅವನು ಒಮ್ಮೆಯೂ ತಲೆ ಎತ್ತಲಿಲ್ಲ. ಚಕ್ರ ಹೂತ ಜಾಗವನ್ನೇ ನೋಡುತ್ತಿದ್ದ. ಆ ದಿನದ ಎಲ್ಲ ಫೋಟೋದಲ್ಲೂ ತಲೆ ತಗ್ಗಿಸಿಯೇ ಇದ್ದಾನೆ. ಅದರ ಕೆಳಗೆ ಜನ ಏನು ಬರೆದು ಹಂಚಿಕೊಂಡರು ಗೊತ್ತೇ? 'ಎಂಥ ವಿನಯ ನೋಡಿ ನಮ್ಮ ನಿಂಗಣ್ಣಂದು!'

ಮುಖಂಡರು ಮಾತಾಡಿದರು. ಇವರು ಹೊಡೆದ ಸಿಕ್ಸರುಗಳನ್ನು ನಾಡು ಮರೆಯುವುದಿಲ್ಲ ಎಂದರು. ಜನ ಅದಕ್ಕೂ ಶಿಳ್ಳೆ ಹೊಡೆದರು. ಅವನ ಚೆಂಡಿಗಾಗಿ ಕಾದು ಚಪ್ಪಾಳೆ ತಟ್ಟುತ್ತಿದ್ದ ಅದೇ ಜನ! ಆಮೇಲೆ ಮುಖಂಡರ ಕಾರು ಹೊರಟಿದ್ದೇ ತಡ, ಹಾರಕ್ಕೆ ಕೈ ಬಿತ್ತು. ಸೇಬು ಉರುಳಿದ ಕಡೆಗೆಲ್ಲ ಜನ ಉರುಳಿದರು. ಹಸಿ ಕಣದ ಮೇಲೆ ಎಷ್ಟು ಕಾಲು, ಎಷ್ಟು ಹಿಮ್ಮಡಿ! ಕ್ರೇನು ಬಿಟ್ಟಿದ್ದನ್ನು ಅವರು ಮುಗಿಸಿದರು. ಕ್ಷಣದಲ್ಲಿ ನೆಲ ನಾಟಿಗೆ ಹದ ಮಾಡಿದ ಗದ್ದೆಯಾಯಿತು. ಜೇಡಿಯಲ್ಲಿ ಜಜ್ಜಿದ ಸೇಬು, ಮೇಲೆ ಬಿಸಿಲು. ನನಗೆ ಆ ವಾಸನೆ ಅಂಟಿದ್ದು ಆಗ.

ಭಾಗ್ಯ ಅಡುಗೆಯ ಕಡೆಯಿಂದ ಓಡಿ ಬಂದವಳು ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಳು. "ಮಾರಾಯ್ರಾ, ನನ್ ಗಂಡಂಗೆ ಹಾರ ಹಾಕಾಕ್ ಬಂದ್ರೋ, ಗುಂಡಿ ತೋಡಾಕ್ ಬಂದ್ರೋ? ಒಂದ್ ಹಣ್ಣ ಕಾಣ್ದೋರಂಗೆ ಬಿದ್ರಲ್ಲ! ಹೊತ್ತಾರೆಯಿಂದ ಬಗ್ಗಿ ಸಾರ್ಸಿವ್ನಿ, ನನ್ ಸೊಂಟ ಇನ್ನೂ ನೆಟ್ಟಗಾಗಿಲ್ಲ!" ಅವಳ ಬಾಯಿಗೆ ನಾಲ್ಕು ಜನ ಸರಿದರು. ಉಳಿದವರು "ಅಕ್ಕಂಗೆ ದುಃಖ ತಡ್ಯಕ್ಕಾಯ್ತಿಲ್ಲ" ಎಂದುಕೊಂಡು ಮೊಬೈಲು ಹಿಡಿದರು.

ಜವರ ಸಿಂಧಘಟ್ಟದಿಂದ ಬೈಕಿಗೆ ಬ್ಯಾಟು ಕಟ್ಟಿಕೊಂಡು ಬಂದವನು ಇದನ್ನೆಲ್ಲ ಏರಿಯ ಮೇಲಿನಿಂದ ನೋಡಿದ. ಇಳಿದು ಬಂದು, ಕಣದ ಅಂಚಿನಲ್ಲಿ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟ. ಕಾಲು ಹರಡಿನವರೆಗೆ ಹೂತಿತು. ಆ ಕೆಸರಿಗೂ ಚಪ್ಪಲಿ ಬಿಟ್ಟವನು ಅವನೊಬ್ಬನೇ.

"ಏನ್ಲಾ ನಿಂಗ, ಭತ್ತ ನಾಟಿ ಹಾಕೀಯಾ?" ಎಂದ. ನಗಿಸಲೆಂದು ಹೇಳಿದ ಮಾತು. ಅವನಿಗೇ ನಗು ಬರಲಿಲ್ಲ.

ಕುಮಾರ ಓಡಿ ಬಂದ. "ಅಣ್ಣ, ಮ್ಯಾಟ್ ತರ್ಸನಾ? ಇಲ್ಲಾಂದ್ರೆ ಸುಮ್ನೆ ಒಂದ್ ಬಾಲ್ ಹಾಕ್ದಂಗ್ ಮಾಡಿ, ಫೋಟೋಗೆ."

ನಿಂಗರಾಜ ಪೇಟ ತೆಗೆದು ಅವನ ಕೈಗೆ ಕೊಟ್ಟ. "ಕೈ ಒಂದೇ ಸಲ ಬರೋದು ಕಣಪ್ಪ. ಫೋಟೋಗ್ ಹಾಕ್ಬುಟ್ರೆ ಜವರಂಗೆ ಏನ್ ಹಾಕ್ಲಿ?"

ಕುಮಾರನಿಗೆ ಅದು ಅರ್ಥವಾಗಲಿಲ್ಲ. ಅಷ್ಟರಲ್ಲಿ ಏರಿಯ ಹಿಂದಿನಿಂದ ಎಲೆ ಹಾಕಿದರು ಎಂಬ ಕೂಗು ಬಂತು. ಮುದ್ದೆ ಬಾಡಿನ ಕೂಗು ಬಂದ ಮೇಲೆ ನಮ್ಮ ಸೀಮೆಯಲ್ಲಿ ಯಾರು ನಿಲ್ಲುತ್ತಾರೆ? ಅಷ್ಟೂ ಜನ ಕಣ್ಣೆದುರೇ ಕರಗಿತು. ಉಂಡವರು ಕೈ ತೊಳೆದು, "ಏನ್ ಫಂಕ್ಷನ್ ಕಣಣ್ಣ! ಇಂಗೆ ಯಾರ್ಗೂ ಮಾಡಿಲ್ಲ!" ಎಂದು ನನ್ನ ಬೆನ್ನು ತಟ್ಟಿ ಮನೆಗೆ ಹೋದರು. ಬೀಳ್ಕೊಡಲು ಬಂದವರಲ್ಲಿ ಒಬ್ಬರಾದರೂ, "ಅಲ್ಲಾ, ಅವ್ನು ಬಾಲೇ ಹಾಕ್ಲಿಲ್ವಲ್ಲ?" ಎಂದು ಕೇಳಿದ್ದರೆ ನಾನು ಈ ಬರಹ ಬರೆಯುತ್ತಿರಲಿಲ್ಲ. ಕೇಳಲಿಲ್ಲ. ಹಾಡುವವನನ್ನು ಕರೆದು ಬಾಯಿಗೆ ಲಾಡು ತುರುಕಿ ಕಳಿಸುವ ಜನ ನಾವು.

ಆ ಸಂಜೆಯೇ ಬಳಗದ ವಾಟ್ಸಾಪ್ ಗುಂಪಿಗೆ ನಾನು ಬರೆದೆ: ಕಣ ಮತ್ತೆ ಮಾಡಬೇಕು, ಮಣ್ಣು ಹೊರಲು, ಕಲ್ಲು ಎಳೆಯಲು ಜನ ಬೇಕು, ನಿಂಗರಾಜ ಬಲಗೈ ಆಡಿಸಬಾರದು. ಉತ್ತರಕ್ಕೇನು ಬರ! ಕೈಮುಗಿದ ಚಿತ್ರಗಳು ಬಂದವು. 'ಜೈ ನಿಂಗಣ್ಣ' ಬಂತು. ಹೃದಯಗಳು ಸಾಲುಗಟ್ಟಿ ಬಂದವು. ಬೆಳಗ್ಗೆ ಕೆರೆಯಂಗಳದಲ್ಲಿ ಬಂದು ನಿಂತದ್ದು ನಾನು, ಭಾಗ್ಯ, ನಿಂಗರಾಜ. ಕಬ್ಬಿಗೆ ನೀರು ಕಟ್ಟಿ ಬಿಡುವಾದಾಗ ಅಷ್ಟು ದೂರದಿಂದ ಜವರ. ಮೋಡ ಆಗಲೇ ಹುಟ್ಟುತ್ತಿತ್ತು. ಭರಣಿ ಮಳೆ ಹಿಡಿದು ಕೆರೆಗೆ ನೀರು ಬಂದರೆ ಕಣವೂ ಇಲ್ಲ, ಓವರೂ ಇಲ್ಲ. ಮುಂದಿನ ಬೇಸಿಗೆಯವರೆಗೆ ಆ ಭುಜ ಕಾಯುವುದಿಲ್ಲ.

ಕ್ರೇನಿನ ಗಾಲಿಯ ಹಳ್ಳದ ಅಂಚು ಆಗಲೇ ಒಣಗಿ ಕಲ್ಲಾಗುತ್ತಿತ್ತು. ಅದನ್ನು ಅಗೆದು, ಸೇಬಿನ ಚೂರು ಆರಿಸಿ ಬಿಸಾಡಿ, ಹೊಸ ಮಣ್ಣು ತುಂಬಿ ತುಳಿಯಬೇಕಿತ್ತು. ಮೊದಲ ದಿನ ನಿಂಗರಾಜ ಎಡಗೈಯಲ್ಲೇ ಗುದ್ದಲಿ ಆಡಿಸಿದ. ಎರಡನೇ ದಿನ ನೋಡಿದರೆ ಗುದ್ದಲಿ ಬಲಗೈಗೆ ಬಂದಿತ್ತು.

"ಲೇ, ಬುಡ್ಲಾ ಕೆಳೀಕೆ!" ಎಂದೆ.

"ಎಡಗೈಗೆ ಹದ ಗೊತ್ತಾಗಲ್ಲ ಕಣಣ್ಣ. ಮೇಲ್ ಮೇಲೆ ತುಂಬ್ತದೆ."

ಕಲ್ಲು ಎಳೆಯಲು ಟ್ರಾಕ್ಟರು ಹೂಡುವಂತಿಲ್ಲ, ಮತ್ತೆ ಚಕ್ರ. ಎತ್ತು ಊರಲ್ಲಿ ಯಾರ ಮನೆಯಲ್ಲೂ ಇಲ್ಲ. ನಾವು ನಾಲ್ವರೇ ಹಗ್ಗಕ್ಕೆ ಹೆಗಲು ಕೊಟ್ಟೆವು. ಭಾಗ್ಯ ಹಿಂದಿನಿಂದ, "ನಿಮ್ ದಮ್ಮಯ್ಯ, ಆ ಭುಜಕ್ಕೆ ಹಗ್ಗ ಹಾಕ್ಬ್ಯಾಡಿ. ಬಾವ, ನೀವಾದ್ರೂ ಹೇಳಿ," ಎಂದಳು. ನಾನು ಹೇಳಿದೆ, ಜವರ ಬೈದ, ನಿಂಗರಾಜ ಹಗ್ಗವನ್ನು ಈ ಭುಜದಿಂದ ಆ ಭುಜಕ್ಕೆ ಬದಲಿಸಿ ಒಂದು ಸುತ್ತು ಬಂದು, ನಾವು ಮಾತು ಮರೆತ ಕೂಡಲೇ ಮತ್ತೆ ಬಲಕ್ಕೇ ತಂದ. ಬೇಸಿಗೆಯೆಲ್ಲ ಕಾದ ಬೀಜವನ್ನು ಹೀಗೆ ನೆಲ ಹದ ಮಾಡಲಿಕ್ಕೇ ಸುರಿಯುತ್ತಿದ್ದಾನಲ್ಲ ಎಂದು ನನಗೆ ಅಳುವೂ ಬಂತು, ಬೆಂಕಿಯೂ ಬಂತು. ಆ ಹಗ್ಗಕ್ಕೆ ಒಂದು ಕೈ ಕೊಡಲು ಜಿಲ್ಲೆಯಷ್ಟು ಅಭಿಮಾನಿಗಳಲ್ಲಿ ಹತ್ತು ಜನ ಬಂದಿದ್ದರೆ!

ಕಣ ಒಣಗಿದ ಬೆಳಗ್ಗೆ ಜವರ ಹೊತ್ತು ಹುಟ್ಟುವಷ್ಟರಲ್ಲಿ ಬಂದ. ಆಟಕ್ಕೆ ಬೇಕಾದಷ್ಟು ಜನವೂ ಇಲ್ಲ. ನಾನು ಅಂಪೈರು. ಭಾಗ್ಯ ಸ್ಟಂಪಿನ ಹಿಂದೆ ನಿಂತಳು, ಚೆಂಡು ಹೋದರೆ ತರಲಿಕ್ಕೆ. ಏರಿಯ ಮೇಲೆ ಯಾರದೋ ಎಮ್ಮೆ. ಎಲ್ಲರೂ ಬರಿಗಾಲು.

ಮೊದಲ ಚೆಂಡು ಹಾಕಿದ. ನೆಲ ಸರಿಯಾಗಿ ಎತ್ತಿಕೊಟ್ಟಿತು. ಜವರ ತಡೆದು, "ಬತ್ತಾ ಅದೆ ಕಣ್ಲಾ!" ಎಂದ. ಎರಡನೆಯದು ಅವನ ಹೆಬ್ಬೆರಳಿಗೆ ಬಂತು, ಕುಣಿದು ತಪ್ಪಿಸಿಕೊಂಡ. ಭಾಗ್ಯ ನಕ್ಕಳು. ಮೂರನೆಯದನ್ನು ಜವರ ನೆಟ್ಟಗೆ ಎತ್ತಿ ಹೊಡೆದ. ಅದು ನನ್ನ ತಲೆಯ ಮೇಲೆ ಹೋಗಿ ಜಾಲಿ ಮೆಳೆಗೆ ಬಿತ್ತು. ನಿಂಗರಾಜನ ಮುಖ ನೋಡಬೇಕಿತ್ತು, ಅಷ್ಟು ಸಂತೋಷ. ಬೇಕೆಂದೇ ಕೊಟ್ಟ ಚೆಂಡು ಅದು. ಉಕ್ಕೆ. ನಾಲ್ಕನೆಯದು ಜೋರಾಗಿ ಬಂದು ಸ್ಟಂಪಿಗೆ ಕೂದಲೆಳೆಯಷ್ಟರಲ್ಲಿ ತಪ್ಪಿ ಹೋಯಿತು. ಜವರ ಬ್ಯಾಟು ಊರಿ, ಉಸಿರು ಬಿಟ್ಟು, ಮತ್ತೆ ನಿಂತ. ಅವನಿಗೂ ಗೊತ್ತು, ನನಗೂ ಗೊತ್ತು, ಮುಂದಿನದು ಯಾವುದು ಅಂತ. ಮೈಕಿಲ್ಲ. ನಾನು ಬಾಯೊಳಗೇ ಅಂದುಕೊಂಡೆ, ಬಾರಪ್ಪ.

ನಾಲ್ಕು ಹೆಜ್ಜೆ ಬಂದ. ತೋಳು ಹೆಗಲವರೆಗೆ ಎದ್ದಿತು. ಅಲ್ಲಿಂದ ಮೇಲಕ್ಕೆ ಹೋಗಲಿಲ್ಲ. ಚೆಂಡು ಅವನ ಕೈಯಿಂದ ಜಾರಿ ಅವನ ಕಾಲಿನ ಹತ್ತಿರವೇ ಬಿದ್ದು, ಎರಡು ಸಲ ಪುಟಿದು ನಿಂತಿತು. ಅವನು ಬಗ್ಗಿ ಎಡಗೈಯಲ್ಲಿ ಎತ್ತಿಕೊಂಡು, ಹಿಂದೆ ಹೋಗಿ, ಮತ್ತೆ ಬಂದ. ಈ ಸಲ ಹೆಗಲವರೆಗೂ ಏಳಲಿಲ್ಲ. ಕೆಳತುಟಿ ಕಚ್ಚಿ ಹಿಡಿದಿದ್ದ, ಬೆವರು ಗಲ್ಲದಿಂದ ಕಣದ ಮೇಲೆ ತೊಟ್ಟಿಕ್ಕುತ್ತಿತ್ತು.

"ಎಡಗೈಲಿ ಹಾಕ್ಲಾ," ಎಂದ ಜವರ ಮೆಲ್ಲಗೆ.

"ಎಡಗೈಗೆ ಐದ್ನೇದು ಬರಲ್ಲ ಕಣ್ಲಾ," ಎಂದ ನಿಂಗರಾಜ. ಭಾಗ್ಯ ಬಂದು ಅವನ ಬಲಗೈಯನ್ನು ತನ್ನ ಎರಡೂ ಕೈಯಲ್ಲಿ, ಹಸುಗೂಸನ್ನು ಹಿಡಿಯುವ ಹಾಗೆ ಹಿಡಿದು ನಿಂತಳು. ಜವರ ಬ್ಯಾಟಿನ ಹಿಡಿಯ ಮೇಲೆ ಗಲ್ಲ ಇಟ್ಟು ನೆಲ ನೋಡುತ್ತಿದ್ದ.

ಅಷ್ಟು ಹೊತ್ತಿಗೆ ಏರಿಯ ಮೇಲೆ ಬೈಕಿನ ಸದ್ದಾಯಿತು. ಕುಮಾರ. ಅಂಗಡಿ ತೆಗೆಯಲು ಹೊರಟವನು ನಮ್ಮನ್ನು ಕಂಡು ಬೈಕು ಅಲ್ಲೇ ಒರಗಿಸಿ, ಮೊಬೈಲು ತೆಗೆಯುತ್ತಲೇ ಓಡಿ ಬಂದ. ಕಾಲಲ್ಲಿ ಶೂ.

"ಅಣ್ಣೋ! ಒಂದ್ ಮಾತ್ ಹೇಳ್ಬಾರ್ದಿತ್ತಾ? ನಮ್ ಹುಡುಗ್ರೆಲ್ಲ ಬತ್ತಿದ್ರು! ಎಲ್ಲಿ, ಇನ್ನೊಂದೇ ಒಂದ್ ಬಾಲ್ ಹಾಕಣ್ಣ, ಬಳಗದ ಗ್ರೂಪಿಗೆ ಬುಡ್ತೀನಿ!"

ನನ್ನ ಬಾಯಿಗೆ ದೊಡ್ಡಪ್ಪನ ಬೈಗುಳಗಳೆಲ್ಲ ಒಟ್ಟಿಗೇ ಬಂದವು. ಭಾಗ್ಯ ಇದ್ದಳು, ನುಂಗಿಕೊಂಡೆ. ಜವರ ಬ್ಯಾಟನ್ನು ಬಿಗಿಯಾಗಿ ಹಿಡಿದದ್ದನ್ನು ಕಂಡು ಒಂದು ಹೆಜ್ಜೆ ಅಡ್ಡ ಬಂದೆ. ಬೇಕಾಗಲಿಲ್ಲ. ನಿಂಗರಾಜ ಕುಮಾರನನ್ನು ನೋಡಿದ. ಕೋಪವಿರಲಿಲ್ಲ ಅವನ ಮುಖದಲ್ಲಿ. ಇಂದಿಗೂ ನನ್ನನ್ನು ಸುಡುವುದು ಅದೇ.

"ಅವತ್ತೇ ನನ್ನ ಕಳುಸ್ಕೊಟ್ಯಲ್ಲಪ್ಪ ಕುಮಾರ," ಎಂದ. "ಮತ್ಯಾಕ್ ಬಂದೆ?"